ಚೀನೀ ಕಷಾಯ ಕಾಯಿಸುವುದು ಹೇಗೆ?

ಚೀನಾದಲ್ಲಿ ಸಾಂಪ್ರದಾಯಿಕ ವೈದ್ಯರ ಹತ್ತಿರ ಹೋದರೆ ನಾಡಿ ಹಿಡಿಯುತ್ತಾರೆ, ನಾಲಿಗೆ ನೋಡುತ್ತಾರೆ, ಆಮೇಲೆ ಒಂದು ಚೀಟಿ ಬರೆಯುತ್ತಾರೆ. ಚೀಟಿಯಲ್ಲಿ ಬೇರು, ತೊಗಟೆ, ಎಲೆ, ಬೀಜಗಳ ಹೆಸರು, ಪಕ್ಕದಲ್ಲಿ ಗ್ರಾಂ ಲೆಕ್ಕ. ಔಷಧದಂಗಡಿಯಲ್ಲಿ ಗೋಡೆ ತುಂಬ ಪುಟ್ಟ ಪುಟ್ಟ ಮರದ ಡ್ರಾಯರ್‌ಗಳು. ಒಂದೊಂದನ್ನೇ ಎಳೆದು, ತೂಗಿ, ಕಾಗದದ ಮೇಲೆ ಸುರಿದು ಪೊಟ್ಟಣ ಕಟ್ಟುತ್ತಾರೆ. ಸಾಮಾನ್ಯವಾಗಿ ಒಂದು ಪೊಟ್ಟಣ ಒಂದು ದಿನಕ್ಕೆ. ಬೀಜಿಂಗ್‌ನ ಟೋಂಗ್‌ರೆಂಟಾಂಗ್ ಅಂಗಡಿ ಶುರುವಾಗಿದ್ದು 1669ರಲ್ಲಿ.

ಚೀಟಿಯೊಳಗೆ ಒಂದು ದರ್ಬಾರೇ ಇರುತ್ತದೆ. ರೋಗದ ಮೇಲೆ ನೇರವಾಗಿ ಹೋಗುವ ಮೂಲಿಕೆ ರಾಜ. ಅದಕ್ಕೆ ಬಲ ಕೊಡುವುದು ಮಂತ್ರಿ. ಅಡ್ಡ ತೊಂದರೆ ತಡೆಯುವುದು ಸಹಾಯಕ. ಎಲ್ಲವನ್ನೂ ಹೊಂದಿಸುವುದು ದೂತ. ನಾವು ಕೆಮ್ಮಿಗೆ ಅಗಿಯುವ ಜ್ಯೇಷ್ಠಮಧುವಿಗೆ ಅಲ್ಲಿ ಹೆಚ್ಚಾಗಿ ಈ ಕೊನೆಯ ಕೆಲಸ. ಹಾಗಾಗಿ ಯಾವ ಮೂಲಿಕೆ, ಎಷ್ಟು ಎನ್ನುವುದನ್ನು ವೈದ್ಯರಿಗೇ ಬಿಡಬೇಕು. ಮನೆಯಲ್ಲಿ ನಮ್ಮ ಪಾಲಿಗೆ ಬರುವುದು ಕಾಯಿಸುವ ಕೆಲಸ. ಅದರಲ್ಲೂ ಕಟ್ಟುನಿಟ್ಟು ಕಡಿಮೆಯೇನಿಲ್ಲ.

ಮೊದಲು ಪಾತ್ರೆ. ಮಣ್ಣಿನ ಮಡಕೆ ಅಥವಾ ಪಿಂಗಾಣಿ ಪಾತ್ರೆ ಇರಲಿ. ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ ಬೇಡ. ಮೂಲಿಕೆಯ ಒಗರಿನ ಅಂಶ ಲೋಹದ ಜೊತೆ ಸೇರಿ ಕಷಾಯ ಕೆಡುತ್ತದೆ. ಪೊಟ್ಟಣ ಬಿಚ್ಚಿ ಮಡಕೆಗೆ ಹಾಕಿ, ಮೂಲಿಕೆ ಮುಳುಗಿ ಎರಡು ಬೆರಳು ಮೇಲೆ ನಿಲ್ಲುವಷ್ಟು ತಣ್ಣೀರು ಹಾಕಿ. ಅರ್ಧ ಗಂಟೆ ನೆನೆಯಲಿ. ಅವಸರಕ್ಕೆ ಬಿಸಿನೀರು ಹಾಕಬೇಡಿ. ಹೊರಮೈ ಬಿಗಿದುಕೊಂಡರೆ ಒಳಗಿನ ಸಾರ ಬಿಡುವುದಿಲ್ಲ.

ಆಮೇಲೆ ದೊಡ್ಡ ಉರಿ. ಕುದಿ ಬಂದ ಕೂಡಲೇ ಸಣ್ಣಗೆ ಮಾಡಿ ಇಪ್ಪತ್ತು ಮೂವತ್ತು ನಿಮಿಷ ಬಿಡಿ. ನೆಗಡಿ ಜ್ವರದ ಪೊಟ್ಟಣವಾದರೆ ಹತ್ತು ಹದಿನೈದು ನಿಮಿಷ ಸಾಕು, ಅದರ ಶಕ್ತಿಯೆಲ್ಲ ಪರಿಮಳದಲ್ಲೇ ಇರುತ್ತದೆ. ಮೈಗೆ ಬಲ ಕೊಡುವ ಬೇರುಗಳಿಗೆ ಒಂದು ಗಂಟೆಯವರೆಗೂ ಬೇಕಾಗಬಹುದು. ಸುಮ್ನೆ ಮುಚ್ಚಳ ತೆಗೆದು ತೆಗೆದು ನೋಡಬೇಡಿ. ಸೋಸಿಕೊಂಡ ಮೇಲೆ ಅದೇ ಗಷ್ಟಿಗೆ ಮತ್ತೆ ನೀರು ಹಾಕಿ ಇನ್ನೊಮ್ಮೆ ಕಾಯಿಸಿ. ಎರಡೂ ಸಲದ್ದನ್ನು ಬೆರೆಸಿ, ಎರಡು ಪಾಲು ಮಾಡಿ, ಬೆಳಿಗ್ಗೆ ಸಂಜೆ ಬೆಚ್ಚಗೆ ಕುಡಿಯುವುದು ರೂಢಿ. ತಳ ಹಿಡಿದು ಸೀದರೆ ಪೂರ್ತಿ ಚೆಲ್ಲಿಬಿಡಿ, ನೀರು ಸೇರಿಸಿ ಸರಿಮಾಡಲು ಹೋಗಬೇಡಿ.

ಪೊಟ್ಟಣದೊಳಗೆ ಬೇರೆಯಾಗಿ ಕಟ್ಟಿದ ಸಣ್ಣ ಕಟ್ಟು ಇದ್ದರೆ ಅದಕ್ಕೊಂದು ಕಾರಣ ಇರುತ್ತದೆ. ಚಿಪ್ಪು, ಖನಿಜಗಳು ಮೊದಲೇ ಕುದಿಯಬೇಕು. ಪುದೀನದಂಥ ಎಲೆ ಕೊನೆಯ ಐದು ನಿಮಿಷಕ್ಕೆ. ಲೋಳೆ ಬಿಡುವ ಸಣ್ಣ ಬೀಜಗಳನ್ನು ಬಟ್ಟೆಯಲ್ಲಿ ಕಟ್ಟಿ ಹಾಕಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಜಿನ್‌ಸೆಂಗ್ ದುಬಾರಿ, ಅದರ ಸಾರವನ್ನು ಉಳಿದ ಬೇರುಗಳು ಹೀರಿಕೊಳ್ಳದಿರಲಿ ಅಂತ ಬೇರೆಯೇ ಕಾಯಿಸುತ್ತಾರೆ.

ಈಗ ಒಂದು ನಿಜವಾದ ಕಷಾಯ ನೋಡೋಣ: ಗ್ವೇಝಿ ಟಾಂಗ್. ಸುಮಾರು 1,800 ವರ್ಷದ ಹಿಂದೆ ಝಾಂಗ್ ಝೋಂಗ್‌ಜಿಂಗ್ ಎಂಬ ವೈದ್ಯ ಬರೆದಿಟ್ಟಿದ್ದು. ದಾಲ್ಚಿನ್ನಿ ಮರದ ಎಳೆ ಕಡ್ಡಿ, ಪಿಯೋನಿ ಗಿಡದ ಬೇರು, ಹಸಿಶುಂಠಿ, ಒಣಗಿದ ಎಲಚಿ ಹಣ್ಣು, ಹುರಿದ ಜ್ಯೇಷ್ಠಮಧು, ಇಷ್ಟೇ. ಗಾಳಿಗೆ ಮೈ ಚಳಿಯಾಗಿ, ಜ್ವರದ ಜೊತೆ ಬೆವರುತ್ತಿರುವವರಿಗೆ. ಏಳು ಅಳತೆ ನೀರು ಮೂರಕ್ಕೆ ಇಳಿಯಬೇಕು, ಅದರಲ್ಲಿ ಒಂದು ಪಾಲು ಕುಡಿಯಬೇಕು. ಸ್ವಲ್ಪ ಹೊತ್ತಿಗೆ ಬಿಸಿಬಿಸಿ ತೆಳು ಗಂಜಿ ಕುಡಿದು ಹೊದ್ದು ಮಲಗಬೇಕು. ಮೈ ತೆಳ್ಳಗೆ ಬೆವರಬೇಕೇ ಹೊರತು ನೀರಿಳಿಯಬಾರದು. ಒಂದೇ ಪಾಲಿಗೆ ವಾಸಿಯಾದರೆ ಉಳಿದ ಎರಡನ್ನು ಕುಡಿಯಬೇಡಿ ಎಂದೂ ಬರೆದಿದ್ದಾನೆ. ನನಗೆ ತುಂಬ ಹಿಡಿಸಿದ್ದು ಈ ಕೊನೆಯ ಮಾತು.

ಎಲ್ಲವನ್ನೂ ಕುದಿಸಬೇಕು ಅಂತಲೂ ಇಲ್ಲ. ಚಳಿಜ್ವರಕ್ಕೆ ಚಿಂಗ್‌ಹಾವ್ ಸೊಪ್ಪನ್ನು ನೀರಲ್ಲಿ ನೆನೆಸಿ ಹಿಂಡಿ ಕುಡಿಯಿರಿ ಎಂದು ನಾಲ್ಕನೇ ಶತಮಾನದ ಗೆ ಹಾಂಗ್ ಎಂಬ ವೈದ್ಯ ಹೇಳಿದ್ದ. ಆ ಮಾತು ಓದಿದ ವಿಜ್ಞಾನಿ ಟು ಯೂಯೂ, ಬಿಸಿ ಜಾಸ್ತಿ ತಾಗದಂತೆ ಈಥರ್‌ನಲ್ಲಿ ಸಾರ ತೆಗೆದರು. ಮಲೇರಿಯಾದ ಆರ್ಟೆಮಿಸಿನಿನ್ ಸಿಕ್ಕಿದ್ದು ಹಾಗೆ. 2015ರಲ್ಲಿ ಅವರಿಗೆ ನೊಬೆಲ್ ಬಂತು. ಹಾಗಂತ ಹಳೆಯದೆಲ್ಲ ಕೆಲಸ ಮಾಡುತ್ತದೆ ಎಂದಲ್ಲ. ಇಷ್ಟು ಗಟ್ಟಿಯಾಗಿ ಸಾಬೀತಾದ ಮೂಲಿಕೆಗಳು ಕಡಿಮೆ.

ಅಪಾಯವೂ ಇದೆ. 1990ರ ದಶಕದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಗುಳಿಗೆಯಲ್ಲಿ ಫಾಂಗ್‌ಜಿ ಬೇರಿನ ಬದಲು ಅರಿಸ್ಟೊಲೋಕಿಯಾ ಎಂಬ ವಿಷದ ಗಿಡ ಸೇರಿಬಿಟ್ಟಿತ್ತು. ನೂರಕ್ಕೂ ಹೆಚ್ಚು ಹೆಂಗಸರ ಕಿಡ್ನಿ ಕೆಟ್ಟಿತು. ಫೂಜಿ ಎಂಬ ಬೇರು ನಮ್ಮ ವತ್ಸನಾಭದ ಬಳಗದ್ದು. ಸಂಸ್ಕರಿಸಿ, ತುಂಬ ಹೊತ್ತು ಕುದಿಸದಿದ್ದರೆ ಪ್ರಾಣಕ್ಕೇ ಕುತ್ತು. ಮನೆಯಲ್ಲಿ ಅದರ ಪ್ರಯೋಗ ಬೇಡವೇ ಬೇಡ.

ಬಿಪಿ ಇರುವವರು ಜ್ಯೇಷ್ಠಮಧು ಇರುವ ಕಷಾಯವನ್ನು ದಿನವೂ ಕುಡಿಯುವ ಮುಂಚೆ ಡಾಕ್ಟರನ್ನು ಕೇಳಿ. ರಕ್ತ ತೆಳುವಾಗಿಸುವ ವಾರ್ಫರಿನ್ ತಗೊಳ್ಳುವವರು ಡಾನ್‌ಶೆನ್, ಡಾಂಗ್‌ಗ್ವೇ ಬೇರುಗಳ ತಂಟೆಗೆ ಹೋಗಬೇಡಿ, ರಕ್ತಸ್ರಾವ ಆಗಬಹುದು. ಬಸುರಿಯರು, ಆಪರೇಷನ್‌ಗೆ ಹೊರಟವರು ಆ ಚೀಟಿಯನ್ನೇ ಡಾಕ್ಟರ ಮುಂದಿಡಿ.