ಎಣ್ಣೆ ಹಗಲಲ್ಲೇ ತುಂಬಿಕೊಳ್ಳಿ: ಕರ್ತನ ಬರೋಣಕ್ಕೆ ಸಿದ್ಧರಾಗುವ ಬಗೆ

ಮದಲಿಂಗನನ್ನು (ಮದುಮಗನನ್ನು) ಎದುರುಗೊಳ್ಳಲು ದೀಪ ಹಿಡಿದು ಹೊರಟ ಹತ್ತು ಮಂದಿ ಕನ್ಯೆಯರ ಬಗ್ಗೆ ಯೇಸು ಹೇಳಿದ ಸಾಮ್ಯವನ್ನು (ಮತ್ತಾಯ 25:1-13) ಎಷ್ಟೋ ಸಲ ಕೇಳಿದವರೂ ಅದರ ಐದನೆಯ ವಚನವನ್ನು ದಾಟಿ ಹೋಗಿಬಿಡುತ್ತಾರೆ. ಮದಲಿಂಗ ಬರುವುದು ತಡವಾದಾಗ ಹತ್ತೂ ಮಂದಿ ತೂಕಡಿಸಿ ಮಲಗಿದರು. ಬುದ್ಧಿವಂತೆಯರೂ ಮಲಗಿದರು, ಅದಕ್ಕಾಗಿ ಯಾರನ್ನೂ ಯೇಸು ಗದರಿಸಲಿಲ್ಲ. ಐದು ಮಂದಿ ದೀಪದ ಜೊತೆಗೆ ಪಾತ್ರೆಯಲ್ಲಿ ಎಣ್ಣೆಯನ್ನೂ ತಂದಿದ್ದರು, ಉಳಿದ ಐವರು ತಂದಿರಲಿಲ್ಲ. ಅವರಲ್ಲಿದ್ದ ವ್ಯತ್ಯಾಸ ಇಷ್ಟೇ. ಮದಲಿಂಗ ಬಂದನೆಂಬ ಕೂಗು ಎದ್ದದ್ದು ನಡುರಾತ್ರಿಯಲ್ಲಿ. ಆಗ ಅಂಗಡಿಗೆ ಓಡಿದವರು ಹಿಂದಿರುಗುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಆದ್ದರಿಂದ ಕರ್ತನ ಬರೋಣಕ್ಕೆ, ಅಂದರೆ ಯೇಸು ಮತ್ತೆ ಬರುವುದಕ್ಕೆ, ಸಿದ್ಧತೆ ಎಂದರೆ ನಿದ್ದೆಗೆಟ್ಟು ಆಕಾಶ ನೋಡುತ್ತಾ ಕೂರುವುದಲ್ಲ. ನಿಶ್ಚಿಂತೆಯಿಂದ ಮಲಗಬಲ್ಲಷ್ಟು ಎಣ್ಣೆಯನ್ನು ಹಗಲಲ್ಲೇ ತುಂಬಿಟ್ಟುಕೊಳ್ಳುವುದು.

ಮೊದಲು ತಾರೀಖಿನ ಲೆಕ್ಕ ಬಿಡಿ

ಆ ದಿನವೂ ಗಳಿಗೆಯೂ ತಂದೆಗೆ ಹೊರತು ಯಾರಿಗೂ ತಿಳಿಯದು ಎಂದು ಯೇಸುವೇ ಹೇಳಿದ್ದಾನೆ (ಮತ್ತಾಯ 24:36). ಆದರೂ ಲೆಕ್ಕ ಹಾಕುವವರು ನಿಂತಿಲ್ಲ. ದಾನಿಯೇಲ 8:14ರ 2300 ದಿನಗಳನ್ನು ವರ್ಷಗಳೆಂದು ಎಣಿಸಿ, ಅಮೆರಿಕದಲ್ಲಿ ವಿಲಿಯಂ ಮಿಲ್ಲರ್‌ನ ಅನುಯಾಯಿಗಳು 1844ರ ಅಕ್ಟೋಬರ್ 22ಕ್ಕೆ ಕಾದು ಕುಳಿತರು. ಕೆಲವರು ಹೊಲದ ಬೆಳೆಯನ್ನೂ ತೆಗೆಯದೆ ಬಿಟ್ಟಿದ್ದರು. ಆ ದಿನ ಬಂದು ಹೋಯಿತು, ಎಷ್ಟೋ ಮಂದಿಯ ವಿಶ್ವಾಸವೇ ಕುಸಿಯಿತು. 2011ರಲ್ಲಿ ರೇಡಿಯೊ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ ಮೇ 21 ಎಂದ. ಅದು ತಪ್ಪಿದಾಗ ಅಕ್ಟೋಬರ್ 21 ಎಂದ.

ತಾರೀಖು ಹೇಳುವ ಸಂದೇಶ ವಾಟ್ಸಾಪ್‌ಗೆ ಬಂದರೆ ಯಾರಿಗೂ ಕಳಿಸದೆ ಅಳಿಸಿ. ಬರೋಣ ಹತ್ತಿರವಾಯಿತೆಂದು ಜಮೀನು ಮಾರಬೇಡಿ, ಮಕ್ಕಳ ಓದು ನಿಲ್ಲಿಸಬೇಡಿ, ಕೆಲಸ ಬಿಡಬೇಡಿ. ಥೆಸಲೊನೀಕದ ಸಭೆಯಲ್ಲಿ ದುಡಿಯದೆ ಅಲೆಯುತ್ತಿದ್ದವರಿಗೆ ಪೌಲ ಬರೆದದ್ದು ಖಡಕ್ ಮಾತು: ಕೆಲಸ ಮಾಡಲೊಲ್ಲದವನು ಊಟವನ್ನೂ ಮಾಡಬಾರದು (2 ಥೆಸಲೊನೀಕ 3:10). ಯಜಮಾನ ಬಂದಾಗ ತನ್ನ ಕೆಲಸದಲ್ಲಿ ತೊಡಗಿರುವ ಆಳೇ ಧನ್ಯನು.

ಎರಡು ಬಣ್ಣದ ಪೆನ್ಸಿಲ್ ಹಿಡಿದು ಓದಿ

ಎರಡು ವಾರ ಸಾಕು. ಮತ್ತಾಯ 24 ಮತ್ತು 25, ಲೂಕ 12:35-48 ಹಾಗೂ 21:5-36, 1 ಥೆಸಲೊನೀಕ ಪೂರ್ತಿ, 2 ಪೇತ್ರ 3, ಯಾಕೋಬ 5. ಮತ್ತಾಯದ ಎರಡು ಅಧ್ಯಾಯ ಸೇರಿ 97 ವಚನ. ಗಟ್ಟಿಯಾಗಿ ಓದಿದರೂ ಕಾಲು ಗಂಟೆ. 1 ಥೆಸಲೊನೀಕದ 89 ವಚನಗಳನ್ನು ಒಂದೇ ಸಲ ಕುಳಿತು ಓದಿ. ಆಗಲೇ ಗೊತ್ತಾಗುವುದು: ಐದು ಅಧ್ಯಾಯಗಳಲ್ಲಿ ಪ್ರತಿಯೊಂದೂ ಮುಗಿಯುವ ಹೊತ್ತಿಗೆ ಕರ್ತನ ಬರೋಣದ ಮಾತಿಗೇ ಬಂದು ನಿಲ್ಲುತ್ತದೆ.

ಮುಂದೆ ಏನಾಗುತ್ತದೆ ಎಂದು ಹೇಳುವ ಮಾತಿಗೆ ಒಂದು ಬಣ್ಣದಲ್ಲಿ, ನೀವು ಏನು ಮಾಡಬೇಕು ಎಂದು ಹೇಳುವ ಮಾತಿಗೆ ಇನ್ನೊಂದು ಬಣ್ಣದಲ್ಲಿ ಗೆರೆ ಎಳೆಯಿರಿ. ಎರಡನೆಯ ಬಣ್ಣದ ಮಾತುಗಳನ್ನು ಮಾತ್ರ ನೋಟ್‌ಬುಕ್ಕಿಗೆ ಇಳಿಸಿ: ಎಚ್ಚರವಾಗಿರಿ, ಪ್ರಾರ್ಥಿಸಿ, ತಾಳ್ಮೆ ತಂದುಕೊಳ್ಳಿ, ಒಬ್ಬರ ಮೇಲೊಬ್ಬರು ಗೊಣಗಬೇಡಿ, ಒಬ್ಬರನ್ನೊಬ್ಬರು ಸಂತೈಸಿ. ಭೂಕಂಪ, ಯುದ್ಧಗಳ ವಚನ ಬಾಯಿಪಾಠವಿರುವ ಅನೇಕರಿಗೆ ‘ಗೊಣಗಬೇಡಿ’ (ಯಾಕೋಬ 5:9) ಎಂಬುದೂ ಬರೋಣದ ಬೋಧನೆಯೇ ಎಂದು ಗೊತ್ತಿರುವುದಿಲ್ಲ.

ಸಾವಿರ ವರ್ಷದ ಆಳ್ವಿಕೆ, ಸಭೆ ಎತ್ತಲ್ಪಡುವುದು, ಮಹಾ ಸಂಕಟ, ಇವುಗಳ ಕ್ರಮದ ಬಗ್ಗೆ ಸಭೆಗಳಲ್ಲಿ ಒಮ್ಮತವಿಲ್ಲ. ಆ ವಾದ ಮುಗಿಯುವ ತನಕ ಕಾಯಬೇಕಿಲ್ಲ. ಜೀವಂತರಿಗೂ ಸತ್ತವರಿಗೂ ನ್ಯಾಯತೀರಿಸಲು ಆತನು ತಿರುಗಿ ಬರುವನೆಂದು ವಿಶ್ವಾಸಪ್ರಮಾಣದಲ್ಲಿ ಕಥೋಲಿಕರೂ ಪ್ರಾಟೆಸ್ಟೆಂಟರೂ ಒಂದೇ ಬಾಯಲ್ಲಿ ಹೇಳುತ್ತೇವೆ. ಇಲ್ಲಿ ಹೇಳುವ ಕ್ರಮಕ್ಕೆ ಅಷ್ಟು ಆಧಾರ ಸಾಕು.

ಲೆಕ್ಕ ಚುಕ್ತಾ ಮಾಡುವುದು

ಅತಿ ಹೆಚ್ಚು ಸಮಯ ಬೇಡುವುದೂ ಅತಿ ಹೆಚ್ಚು ಮಂದಿ ಕೈಬಿಡುವುದೂ ಈ ಕೆಲಸವನ್ನೇ. ಒಂದು ಶನಿವಾರ ಸಂಜೆ ನಲವತ್ತು ನಿಮಿಷ ಒಬ್ಬರೇ ಕುಳಿತುಕೊಳ್ಳಿ. ಕೀರ್ತನೆ 139:23-24 ಓದಿ, ಪುಟವನ್ನು ಮೂರು ಪಾಲು ಮಾಡಿ: ದೇವರೊಂದಿಗೆ, ಜನರೊಂದಿಗೆ, ಹಣದಲ್ಲಿ.

ಒಂದು ವಿಷಯ ಮನಸ್ಸಿನಲ್ಲಿರಲಿ. ಕ್ರಿಸ್ತನು ಶಿಲುಬೆಯ ಮೇಲೆ ತೀರಿಸಿದ ಸಾಲವನ್ನು ನೀವು ಮತ್ತೆ ತೀರಿಸಲು ಹೊರಟಿಲ್ಲ. ತೀತನಿಗೆ ಬರೆದ ಪತ್ರದ 2:11-13ರ ಪ್ರಕಾರ, ಶುದ್ಧವಾಗಿ ಬದುಕಿ ಆತನ ಪ್ರತ್ಯಕ್ಷತೆಗೆ ಕಾಯಲು ನಮಗೆ ಕಲಿಸುವುದೇ ಕೃಪೆ. ಈ ಕ್ರಮ ತಪ್ಪಿದರೆ ಪುಟ ತುಂಬಿದಷ್ಟೂ ಎದೆ ಭಾರವಾಗುತ್ತದೆ, ಎರಡನೇ ವಾರಕ್ಕೆ ನೋಟ್‌ಬುಕ್ ಮೂಲೆ ಸೇರುತ್ತದೆ.

ಮೊದಲ ಪಾಲಿನಲ್ಲಿ ‘ನಾನು ಪಾಪಿ’ ಎಂದಷ್ಟೇ ಬರೆದು ಮುಗಿಸಬೇಡಿ. ಹೆಸರಿಟ್ಟು ಬರೆಯಿರಿ: ರಾತ್ರಿ ಹನ್ನೊಂದರ ಮೇಲೆ ಫೋನಿನಲ್ಲಿ ನೋಡುವುದು, ಅತ್ತಿಗೆಯ ಬಗ್ಗೆ ಹೇಳಿದ ಸುಳ್ಳು, ಕುಡಿತ. 1 ಯೋಹಾನ 1:9 ಹಿಡಿದು ಒಂದೊಂದನ್ನೂ ಅರಿಕೆಮಾಡಿ. ಕಥೋಲಿಕರಾದರೆ ಈ ಪುಟವೇ ಗುರುಗಳ ಬಳಿ ಮಾಡುವ ಪಾಪನಿವೇದನೆಗೆ ಸಿದ್ಧತೆ. ತಿಂಗಳಿಗೊಮ್ಮೆ ಹೋಗುವುದು ಒಳ್ಳೆಯ ರೂಢಿ. ಪ್ರಾಟೆಸ್ಟೆಂಟರಾದರೆ ಕರ್ತನ ಮೇಜಿಗೆ ಬರುವ ಹಿಂದಿನ ಸಂಜೆ ಇದನ್ನು ಮಾಡಿ. ರೊಟ್ಟಿ ಮತ್ತು ಪಾತ್ರೆಯ ಮೂಲಕ ಆತನ ಮರಣವನ್ನು ಪ್ರಸಿದ್ಧಪಡಿಸುವುದು ‘ಆತನು ಬರುವ ತನಕ’ ಎಂದು ಪೌಲ ಹೇಳಿದ ಬೆನ್ನಲ್ಲೇ, ತನ್ನನ್ನು ತಾನು ಪರೀಕ್ಷಿಸಿಕೊಳ್ಳಬೇಕೆಂದೂ ಹೇಳುತ್ತಾನೆ (1 ಕೊರಿಂಥ 11:26-28).

ಎರಡನೆಯ ಪಾಲು ಜನರದ್ದು. ಮತ್ತಾಯ 5:23-24ರ ಪ್ರಕಾರ ಎದುರಿನವರಿಗೆ ನಿಮ್ಮ ಮೇಲೆ ಬೇಸರವಿದ್ದರೆ ಮೊದಲು ಹೋಗಬೇಕಾದವರು ನೀವು. ಒಬ್ಬರೇ ಹೋಗಿ, ಮುಖಾಮುಖಿ ಮಾತಾಡಿ. ನಾಲ್ಕು ವಾಕ್ಯ ಸಾಕು: ‘ಅವತ್ತು ನಾನು ಹೀಗೆ ಮಾಡಿದೆ. ಅದು ತಪ್ಪು. ಅದರಿಂದ ನಿಮಗೆ ಇಂಥ ನೋವಾಯಿತು. ಕ್ಷಮಿಸಿ.’ ಐದನೆಯ ವಾಕ್ಯ ‘ಆದರೆ ನೀವೂ...’ ಎಂದು ಶುರುವಾದರೆ ಹೋದದ್ದು ವ್ಯರ್ಥ. ಅವರು ಕೂಡಲೇ ಕ್ಷಮಿಸದಿದ್ದರೆ ಒತ್ತಾಯ ಮಾಡಬೇಡಿ, ನಿಮ್ಮ ಪಾಲಿನದು ಮುಗಿಯಿತು. ದೂರದಲ್ಲಿದ್ದರೆ ಫೋನ್ ಮಾಡಿ. ವಾಟ್ಸಾಪ್‌ನಲ್ಲಿ ಬರೆದ ಕ್ಷಮೆ ಬಹುಮಟ್ಟಿಗೆ ಹೊಸ ಜಗಳವಾಗುತ್ತದೆ, ಏಕೆಂದರೆ ದನಿ ಅದರಲ್ಲಿ ಕೇಳಿಸುವುದಿಲ್ಲ. ತೀರಿಕೊಂಡವರ ವಿಷಯವಾದರೆ ದೇವರ ಮುಂದೆ ಹೇಳಿ, ಅವರ ಮಕ್ಕಳಿಗೆ ಏನಾದರೂ ಸಲ್ಲಬೇಕಿದ್ದರೆ ಸಲ್ಲಿಸಿ. ಇನ್ನೊಂದು ಮಾತನ್ನು ಬಿಡಿಸಿಯೇ ಹೇಳಬೇಕು: ಹೊಡೆಯುವ ಗಂಡನನ್ನು ಕ್ಷಮಿಸುವುದು ಎಂದರೆ ಆ ಮನೆಗೆ ಹಿಂದಿರುಗಬೇಕು ಎಂದಲ್ಲ. ಹಾಗೆ ಹಿಂದಕ್ಕೆ ಕಳಿಸುವ ಸಲಹೆ ಯಾರೇ ಕೊಟ್ಟರೂ ಕೇಳಬೇಡಿ.

ಹಣದ ಪಾಲು ಎಲ್ಲಕ್ಕಿಂತ ಸ್ಪಷ್ಟ, ಹಾಗಾಗಿ ಎಲ್ಲಕ್ಕಿಂತ ಕಷ್ಟ. ಮೋಸದಿಂದ ಇಟ್ಟುಕೊಂಡದ್ದಕ್ಕೆ ಮೂಲದ ಜೊತೆ ಐದನೆಯ ಒಂದು ಪಾಲು ಸೇರಿಸಿ ಕೊಡಬೇಕೆಂದು ಯಾಜಕಕಾಂಡ 6:5 ಹೇಳುತ್ತದೆ. 5,000 ರೂಪಾಯಿಗೆ 6,000. ಯೇಸುವನ್ನು ಮನೆಗೆ ಸೇರಿಸಿಕೊಂಡ ಸುಂಕದವ ಜಕ್ಕಾಯನು ನಾಲ್ಕರಷ್ಟು ಕೊಡುತ್ತೇನೆಂದ (ಲೂಕ 19:8). ನಿಮ್ಮಿಂದ ಒಂದೇ ಸಲಕ್ಕೆ ಆಗದಿದ್ದರೆ ಕಂತು ಕಟ್ಟಿ, ತಾರೀಖು ಬರೆದುಕೊಡಿ. ಮನೆಕೆಲಸದವರ, ತೋಟದಾಳಿನ ಬಾಕಿ ಸಂಬಳವನ್ನು ಈ ವಾರವೇ ಕೊಟ್ಟುಬಿಡಿ. ಕೂಲಿಯನ್ನು ಹಿಡಿದಿಟ್ಟುಕೊಂಡ ಧಣಿಗಳ ವಿರುದ್ಧದ ಮಾತು ಯಾಕೋಬ 5:4ರಲ್ಲಿದೆ, ಕರ್ತನು ಬರುವ ತನಕ ತಾಳ್ಮೆಯಿಂದಿರಿ ಎಂಬುದು ಮೂರೇ ವಚನ ಕೆಳಗೆ, 5:7ರಲ್ಲಿ.

ಅಕ್ಕತಂಗಿಯರ ಪಾಲನ್ನು ಈ ಪುಟದಲ್ಲಿ ಬರೆಯಲು ಬಹಳ ಮಂದಿಗೆ ಕೈ ಬರುವುದಿಲ್ಲ. ತಂದೆ ಉಯಿಲು ಬರೆಯದೆ ತೀರಿಕೊಂಡರೆ, ಕರ್ನಾಟಕದ ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಡಿ ಗಂಡು ಮಕ್ಕಳಿಗೂ ಹೆಣ್ಣು ಮಕ್ಕಳಿಗೂ ಸಮಪಾಲು. ‘ಮದುವೆಗೆ ಖರ್ಚು ಮಾಡಿದ್ದೇವಲ್ಲ’ ಎಂದು ತಡೆಹಿಡಿದಿದ್ದರೆ ಅದನ್ನೂ ಬರೆಯಿರಿ. ನಿಮ್ಮದೇ ಉಯಿಲು ಬರೆಯುವಾಗ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು. ಸಾಕ್ಷಿಗೆ ಅಥವಾ ಸಾಕ್ಷಿಯ ಗಂಡ-ಹೆಂಡತಿಗೆ ಅದರಲ್ಲಿ ಪಾಲು ಬರೆದರೆ ಅದು ಅವರಿಗೆ ಸಲ್ಲುವುದಿಲ್ಲ, ಆದ್ದರಿಂದ ಹೊರಗಿನವರಿಂದ ಸಹಿ ಮಾಡಿಸಿ.

ದಿನದ ಎಣ್ಣೆ

ಬೆಳಗ್ಗೆ ಹದಿನೈದು ನಿಮಿಷ, ರಾತ್ರಿ ಹತ್ತು. ಬೆಳಗ್ಗೆ ಒಂದು ಕೀರ್ತನೆ, ಸುವಾರ್ತೆಯ ಒಂದು ಭಾಗ, ಒಬ್ಬರ ಹೆಸರು ಹಿಡಿದು ಪ್ರಾರ್ಥನೆ. ಕೊನೆಗೆ ಮೊದಲ ಕ್ರೈಸ್ತರ ಅರಾಮಿಕ್ ಪ್ರಾರ್ಥನೆ ‘ಮಾರನಾಥ’, ಅಂದರೆ ‘ನಮ್ಮ ಕರ್ತನೇ, ಬಾ’. ರಾತ್ರಿ ಮೂರು ಪ್ರಶ್ನೆ: ಇವತ್ತು ದೇವರು ಏನು ಕೊಟ್ಟನು? ಎಲ್ಲಿ ಎಡವಿದೆ? ನಾಳೆ ಯಾರ ಹತ್ತಿರ ಹೋಗಬೇಕು? ರಾತ್ರಿ ಪಾಳಿಯ ನರ್ಸ್‌ಗಳು, ಕಂಪನಿ ಕೆಲಸದವರು ಗಡಿಯಾರ ನೋಡದೆ, ಎದ್ದ ಮೇಲೆ ಮತ್ತು ಮಲಗುವ ಮುಂಚೆ ಎಂದು ಇಟ್ಟುಕೊಳ್ಳಲಿ.

ಮೊದಲ ದಿನವೇ ಒಂದು ಗಂಟೆ ಎಂದು ಹೊರಟವರು ಬೇಗ ನಿಲ್ಲಿಸಿಬಿಡುತ್ತಾರೆ. ಒಂದು ದಿನ ತಪ್ಪಿದರೆ ಮರುದಿನ ದುಪ್ಪಟ್ಟು ಮಾಡಲು ಹೋಗಬೇಡಿ, ಆ ದಿನದ್ದನ್ನು ಮಾತ್ರ ಮಾಡಿ. ಫೋನಿನ ಸತ್ಯವೇದಕ್ಕಿಂತ ಕಾಗದದ್ದು ಮೇಲು. ಫೋನ್ ತೆರೆದರೆ ನಾಲ್ಕನೆಯ ವಚನಕ್ಕೇ ಬೇರೆ ಸಂದೇಶ ಬಂದು ಬೀಳುತ್ತದೆ.

ಉಪವಾಸಕ್ಕೂ ಬರೋಣಕ್ಕೂ ನೇರ ನಂಟಿದೆ: ಮದಲಿಂಗನು ತೆಗೆದುಕೊಂಡು ಹೋಗಲ್ಪಟ್ಟ ದಿನಗಳಲ್ಲಿ ಉಪವಾಸ ಮಾಡುವರು ಎಂದನು ಯೇಸು (ಮತ್ತಾಯ 9:15). ವಾರಕ್ಕೊಂದು ಹೊತ್ತು ಊಟ ಬಿಟ್ಟು, ಆ ಊಟದ ದುಡ್ಡನ್ನು ಹಸಿದವರಿಗೆ ಕೊಡಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಬಸುರಿಯರು, ಬಾಣಂತಿಯರು ಊಟ ಬಿಡಬಾರದು. ಅವರು ಟಿವಿಯನ್ನೋ ಮಾಂಸವನ್ನೋ ಬಿಡಲಿ.

ಹೂತಿಟ್ಟ ತಲಾಂತು

ಕನ್ಯೆಯರ ಸಾಮ್ಯದ ಬೆನ್ನಿಗೇ ತಲಾಂತುಗಳ ಸಾಮ್ಯ ಬರುತ್ತದೆ: ದೂರ ಹೊರಟ ಯಜಮಾನ ಆಳುಗಳಿಗೆ ಹಣ ಒಪ್ಪಿಸಿದ, ಒಂದು ತಲಾಂತು ಪಡೆದವನು ಅದನ್ನು ದುಡಿಸದೆ ನೆಲದಲ್ಲಿ ಹೂತಿಟ್ಟ. ಒಂದು ತಲಾಂತೆಂದರೆ ಸುಮಾರು 6,000 ದಿನಾರಿ, ಒಂದು ದಿನಾರಿ ಒಂದು ದಿನದ ಕೂಲಿ. ಒಂದೇ ತಲಾಂತು ಪಡೆದವನ ಕೈಯಲ್ಲೂ ಇಪ್ಪತ್ತು ವರ್ಷದ ಹತ್ತಿರ ಹತ್ತಿರ ದುಡಿಮೆ ಇತ್ತು. ನನಗೇನೂ ಕೊಟ್ಟಿಲ್ಲ ಎಂದು ಅವನು ಹೇಳುವಂತಿರಲಿಲ್ಲ.

ಅದೇ ಅಧ್ಯಾಯದ ಕೊನೆಯಲ್ಲಿ ಆರು ಕೆಲಸಗಳಿವೆ: ಹಸಿದವರಿಗೆ ಊಟ, ಬಾಯಾರಿದವರಿಗೆ ನೀರು, ಪರದೇಶಿಗೆ ಆಸರೆ, ಬಟ್ಟೆಯಿಲ್ಲದವರಿಗೆ ಬಟ್ಟೆ, ರೋಗಿಯ ಭೇಟಿ, ಸೆರೆಯಲ್ಲಿದ್ದವರ ಭೇಟಿ. ಆರನ್ನೂ ಹಿಡಿಯಬೇಡಿ. ಒಂದನ್ನು ಆರಿಸಿ, ತಿಂಗಳಲ್ಲಿ ಒಂದು ದಿನ ಗೊತ್ತುಮಾಡಿ. ರೋಗಿಯ ಮನೆಗಾದರೆ ಮೊದಲೇ ಕೇಳಿ ಹೋಗಿ, ಇಪ್ಪತ್ತು ನಿಮಿಷ ಇರಿ, ಔಷಧಿಯ ಸಲಹೆ ಕೊಡಬೇಡಿ, ಚಿಕ್ಕದಾಗಿ ಪ್ರಾರ್ಥಿಸಿ ಎದ್ದುಬನ್ನಿ. ಜೈಲಿಗೆ ಅನುಮತಿ ಬೇಕು, ನಿಮ್ಮ ಸಭೆಯ ಮೂಲಕವೇ ಹೋಗಿ. ಫೋಟೊ ತೆಗೆಯಬೇಡಿ.

ಮಕ್ಕಳೂ ಭಯವೂ

‘ಯೇಸು ಬಂದಾಗ ನಿನ್ನನ್ನು ಬಿಟ್ಟುಹೋಗುತ್ತಾನೆ’ ಎಂದು ಮಕ್ಕಳನ್ನು ಹೆದರಿಸಿ ಮಲಗಿಸುವುದನ್ನು ಇಂದೇ ನಿಲ್ಲಿಸಿ. ತಮ್ಮವರನ್ನು ಮಣ್ಣು ಮಾಡಿ ಅಳುತ್ತಿದ್ದವರಿಗೆ ಪೌಲ ಬರೋಣದ ಮಾತು ಬರೆದದ್ದು, ಈ ಮಾತುಗಳಿಂದ ಒಬ್ಬರನ್ನೊಬ್ಬರು ಸಂತೈಸಿರಿ ಎಂದೇ ಮುಗಿಸಿದ್ದು (1 ಥೆಸಲೊನೀಕ 4:13-18). ಮಕ್ಕಳಿಗೆ ಯೋಹಾನ 14:1-3 ಓದಿ ಹೇಳಿ: ಯೇಸು ಮನೆ ಸಿದ್ಧಮಾಡಲು ಹೋಗಿದ್ದಾನೆ, ಕರೆದುಕೊಂಡು ಹೋಗಲು ಬರುತ್ತಾನೆ. ಅಂತ್ಯಕಾಲದ ವಿಡಿಯೊ ನೋಡಿ ನಿದ್ದೆ ಬಾರದ ದೊಡ್ಡವರಿಗೂ ಇದೇ ಮದ್ದು. ವಿಡಿಯೊ ಬಂದ್ ಮಾಡಿ ಈ ಮೂರು ವಚನ ಓದಿ.

ವರ್ಷಕ್ಕೊಮ್ಮೆ

ಆಗಮನ ಕಾಲ (ಅಡ್ವೆಂಟ್) ನವೆಂಬರ್ 30ಕ್ಕೆ ಅತಿ ಹತ್ತಿರದ ಭಾನುವಾರ ಶುರುವಾಗುತ್ತದೆ, ಒಟ್ಟು ನಾಲ್ಕು ಭಾನುವಾರ. ಅದು ಬರೀ ಕ್ರಿಸ್ಮಸ್ ತಯಾರಿಯ ಕಾಲ ಎಂದುಕೊಂಡವರೇ ಹೆಚ್ಚು. ಕಥೋಲಿಕ ಆರಾಧನಾ ಕ್ರಮದಲ್ಲಿ ಡಿಸೆಂಬರ್ 16ರವರೆಗೆ ಒತ್ತು ಇರುವುದು ಎರಡನೆಯ ಬರೋಣದ ಮೇಲೆ. ಗೋದಲಿಯ ಕಡೆಗೆ, ಅಂದರೆ ಯೇಸುವಿನ ಜನನದ ಕಡೆಗೆ, ತಿರುಗುವುದು 17ರಿಂದ. ಮೊದಲ ಭಾನುವಾರ ಆರಾಧನೆ ಮುಗಿಸಿ ಬಂದವರೇ ಶನಿವಾರದ ಆ ನೋಟ್‌ಬುಕ್ ತೆರೆಯಿರಿ. ತೀರಿದ ಸಾಲುಗಳನ್ನು ಹೊಡೆದುಹಾಕಿ. ಇನ್ನೂ ಉಳಿದ ಹೆಸರುಗಳ ಮುಂದೆ ಒಂದೊಂದು ತಾರೀಖು ಬರೆಯಿರಿ, ಎಲ್ಲವೂ ಕ್ರಿಸ್ಮಸ್ ತಿಂಡಿಗಳಾದ ಕುಸ್ವಾರ್ ಕರಿಯಲು ಒಲೆ ಹಚ್ಚುವುದಕ್ಕೆ ಮುಂಚಿನವು.