ಕ್ವಿಜ್‌ಗೆ ಒಳ್ಳೆಯ ಪ್ರಶ್ನೆ ಬರೆಯುವುದು ಹೇಗೆ?

ಸಾಮಾನ್ಯ ಜ್ಞಾನದ ಕ್ವಿಜ್ ಎಂದರೆ ಬಾಯಿಪಾಠದ ಪರೀಕ್ಷೆ ಎಂದುಕೊಂಡವರೇ ಜಾಸ್ತಿ. ಇಸವಿ, ರಾಜಧಾನಿ, ರಾಜರ ಹೆಸರು. ಗೊತ್ತಿದ್ದವರು ಹೇಳುತ್ತಾರೆ, ಗೊತ್ತಿಲ್ಲದವರು ಸುಮ್ನೆ ಕೂರುತ್ತಾರೆ. ಹೀಗಾದರೆ ಅದು ಕೂತವರ ತಪ್ಪಲ್ಲ, ಪ್ರಶ್ನೆ ಬರೆದವರ ತಪ್ಪು. ಒಳ್ಳೆಯ ಪ್ರಶ್ನೆಯಲ್ಲಿ ಉತ್ತರ ಗೊತ್ತಿಲ್ಲದವರಿಗೂ ಯೋಚಿಸಲು ಒಂದು ದಾರಿ ಇರುತ್ತದೆ. ಉತ್ತರ ಕೇಳಿದ ಮೇಲೆ ‘ಛೆ, ಹೊಳೀಬೇಕಿತ್ತು’ ಅನ್ನಿಸುತ್ತದೆ. ಹಾಗೆ ಬರೆಯುವುದನ್ನು ಯಾರು ಬೇಕಾದರೂ ಕಲಿಯಬಹುದು.

ಹೆಜ್ಜೆ 1: ಯಾರಿಗೆ, ಎಷ್ಟು?

ಎದುರಿಗೆ ಕೂರುವವರು ಶಾಲೆ ಮಕ್ಕಳೋ, ದೊಡ್ಡವರೋ, ಇಬ್ಬರೂ ಸೇರಿದ ತಂಡಗಳೋ ಎಂದು ಮೊದಲೇ ತಿಳಿದುಕೊಳ್ಳಿ. 20 ಪ್ರಶ್ನೆ ಬೇಕಿದ್ದರೆ 30 ಬರೆಯಿರಿ, ಯಾಕೆಂದರೆ ಹತ್ತು ಹೇಗೂ ಬಿದ್ದುಹೋಗುತ್ತವೆ. ಇತಿಹಾಸ, ವಿಜ್ಞಾನ, ಭೂಗೋಳ, ಸಂಸ್ಕೃತಿ ನಾಲ್ಕಕ್ಕೂ ಸಮನಾಗಿ ಜಾಗ ಕೊಡಿ. ಮೊದಲ ಎರಡು ಮೂರು ಪ್ರಶ್ನೆ ಸುಲಭವಾಗಿರಲಿ. ಒಂದು ಸಲ ಬಾಯಿ ತೆರೆದವರು ಆಮೇಲೆ ಧೈರ್ಯವಾಗಿ ಉತ್ತರ ಹೇಳುತ್ತಾರೆ.

ಹೆಜ್ಜೆ 2: ಕಥೆ ಇರುವ ಸಂಗತಿ ಹುಡುಕಿ

‘ಬರ್ಲಿನ್ ಗೋಡೆ ಬಿದ್ದದ್ದು ಯಾವ ವರ್ಷ?’ ಉತ್ತರ 1989. ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ಯೋಚಿಸಲು ಏನೂ ಇಲ್ಲ.

ಇನ್ನೊಂದು ನೋಡಿ. ‘ರಷ್ಯಾದ ಅಕ್ಟೋಬರ್ ಕ್ರಾಂತಿಯ ದಿನವನ್ನು ನವೆಂಬರ್ 7ರಂದು ಆಚರಿಸುತ್ತಿದ್ದರು. ಯಾಕೆ?’ ಇಲ್ಲಿ ತಲೆ ಓಡಿಸಬಹುದು. 1917ರಲ್ಲಿ ರಷ್ಯಾ ಇನ್ನೂ ಹಳೆಯ ಜೂಲಿಯನ್ ಕ್ಯಾಲೆಂಡರ್ ಬಳಸುತ್ತಿತ್ತು. ಅದು ನಾವು ಈಗ ಬಳಸುವ ಗ್ರೆಗೋರಿಯನ್ ಕ್ಯಾಲೆಂಡರ್‌ಗಿಂತ 13 ದಿನ ಹಿಂದಿತ್ತು. ಅಲ್ಲಿನ ಅಕ್ಟೋಬರ್ 25 ಉಳಿದವರಿಗೆ ನವೆಂಬರ್ 7. ಕ್ಯಾಲೆಂಡರ್ ಬದಲಾಗಿರಬಹುದು ಎಂದು ಊಹಿಸಿದವರಿಗೂ ಅಂಕ ಸಿಗುತ್ತದೆ. ಸಿಗಬೇಕು ಕೂಡ.

ಸಂಸ್ಕೃತಿಯ ಪ್ರಶ್ನೆಗಳನ್ನು ಹಲವರು ಕೊನೆಗೆ ಅವಸರದಲ್ಲಿ ಬರೆಯುತ್ತಾರೆ. ಹಾಗಾಗಿ ಬರೀ ಪ್ರಶಸ್ತಿಗಳ ಪಟ್ಟಿ ಆಗಿಬಿಡುತ್ತದೆ. ಆಟ, ಲಿಪಿ, ಚಿತ್ರ, ಮಾತು ಎಲ್ಲವೂ ಸಂಸ್ಕೃತಿಯೇ ಅಲ್ವಾ? ‘ಚೆಸ್ ಆಡುವವರು ಹೇಳುವ ಚೆಕ್‌ಮೇಟ್ ಪದದ ಮೂಲ ಯಾವ ಭಾಷೆ? ಆ ಭಾಷೆಯಲ್ಲಿ ರಾಜನಿಗೆ ಷಾ ಎನ್ನುತ್ತಾರೆ’ ಎಂದು ಕೇಳಿ. ಚೆಸ್ ಆಡದವರೂ ‘ಷಾ’ ಹಿಡಿದು ಪರ್ಷಿಯನ್ ಭಾಷೆಗೆ ಬಂದು ಮುಟ್ಟುತ್ತಾರೆ.

ಹೆಜ್ಜೆ 3: ಬರೆಯಿರಿ, ಒಡೆಯಿರಿ, ಮತ್ತೆ ಬರೆಯಿರಿ

ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಒಂದೇ ಸಂಗತಿ ತೆಗೆದುಕೊಂಡು ಮಾಡಿ ನೋಡೋಣ.

1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣ ಆಯಿತು. ಅದನ್ನು ನೋಡಲೆಂದೇ ಫ್ರೆಂಚ್ ಖಗೋಳ ವಿಜ್ಞಾನಿ ಪಿಯರ್ ಜಾನ್ಸೆನ್ ಗುಂಟೂರಿಗೆ ಬಂದಿದ್ದರು. ಸೂರ್ಯನ ಅಂಚಿನ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿದಾಗ ಒಂದು ಹಳದಿ ಗೆರೆ ಕಂಡಿತು. ಅದೇ ವರ್ಷ ಇಂಗ್ಲೆಂಡಿನ ನಾರ್ಮನ್ ಲಾಕಿಯರ್ ಕೂಡ ಅದನ್ನು ನೋಡಿದರು. ಆಗ ಗೊತ್ತಿದ್ದ ಯಾವ ಧಾತುವಿಗೂ ಆ ಗೆರೆ ಹೊಂದಲಿಲ್ಲ. ಗ್ರೀಕರ ಸೂರ್ಯದೇವ ಹೀಲಿಯೋಸ್ ಹೆಸರಿನಿಂದ ಆ ಹೊಸ ಧಾತುವಿಗೆ ಹೀಲಿಯಂ ಎಂದು ಹೆಸರಾಯಿತು. ಭೂಮಿಯ ಮೇಲೆ ಅದನ್ನು ವಿಲಿಯಂ ರಾಮ್ಸೆ ಹಿಡಿದದ್ದು 1895ರಲ್ಲಿ, ಯುರೇನಿಯಂ ಇರುವ ಒಂದು ಖನಿಜದೊಳಗೆ.

ಮೊದಲ ಸಲ ಬರೆದದ್ದು: ‘ಹೀಲಿಯಂ ಪತ್ತೆಯಾದದ್ದು ಯಾವ ವರ್ಷ?’ ಇದು ನಿಲ್ಲುವುದಿಲ್ಲ. 1868 ಎಂದರೂ ಸರಿ, 1895 ಎಂದರೂ ಸರಿ. ಜೊತೆಗೆ ಇಷ್ಟು ಚಂದದ ಕಥೆ ಒಂದು ಇಸವಿಯಾಗಿ ಒಣಗಿಹೋಯಿತು.

ಎರಡನೇ ಸಲ: ‘ಸೂರ್ಯನಲ್ಲಿ ಮೊದಲು ಪತ್ತೆಯಾದ ಧಾತು ಯಾವುದು?’ ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಇದನ್ನು ಎರಡು ಥರ ಓದಬಹುದು. ಭೂಮಿಯಲ್ಲಿ ಗೊತ್ತಿದ್ದ ಸೋಡಿಯಂ ಸೂರ್ಯನಲ್ಲೂ ಇದೆ ಎಂಬುದು 1868ಕ್ಕೂ ಮೊದಲೇ ತಿಳಿದಿತ್ತು. ಸೋಡಿಯಂ ಎಂದವರಿಗೆ ತಪ್ಪು ಎನ್ನಲು ನಮ್ಮ ಹತ್ತಿರ ಕಾರಣ ಇಲ್ಲ.

ಮೂರನೇ ಸಲ: ‘1868ರಲ್ಲಿ ಸೂರ್ಯನ ಬೆಳಕಿನಲ್ಲಿ ಇದರ ಗುರುತು ಕಂಡಿತು. ಭೂಮಿಯ ಮೇಲೆ ಕೈಗೆ ಸಿಕ್ಕಿದ್ದು 27 ವರ್ಷ ಕಳೆದು. ಗ್ರೀಕರ ಸೂರ್ಯದೇವನಿಂದ ಹೆಸರು ಪಡೆದ, ಹಾರುವ ಬಲೂನುಗಳಲ್ಲಿ ತುಂಬುವ ಈ ಧಾತು ಯಾವುದು?’

ಈಗ ಈ ಪ್ರಶ್ನೆಗೆ ಮೂರು ಬಾಗಿಲು. ವಿಜ್ಞಾನದ ಇತಿಹಾಸ ಓದಿದವರು ಮೊದಲ ಸಾಲಿಗೇ ಬಝರ್ ಒತ್ತುತ್ತಾರೆ. ಪುರಾಣ ಗೊತ್ತಿದ್ದವರಿಗೆ ಹೀಲಿಯೋಸ್ ನೆನಪಾಗುತ್ತದೆ. ಏನೂ ಇಲ್ಲದಿದ್ದರೆ ಬಲೂನ್ ಇದೆ. ಸುಳಿವುಗಳನ್ನು ಯಾವಾಗಲೂ ಇದೇ ಕ್ರಮದಲ್ಲಿ ಇಡಿ: ಕಷ್ಟದ್ದು ಮೊದಲು, ಸುಲಭದ್ದು ಕೊನೆಗೆ. ಬಲೂನ್ ಮೊದಲೇ ಬಂದರೆ ಉಳಿದ ಸಾಲುಗಳನ್ನು ಯಾರೂ ಕೇಳುವುದೇ ಇಲ್ಲ.

ಹೆಜ್ಜೆ 4: ಉತ್ತರ ಒಂದೇ ಇದೆಯಾ?

ಇದರಲ್ಲಿ ನಾನು ಒಮ್ಮೆ ಎಡವಿದ್ದೇನೆ. ಮಕ್ಕಳ ಕ್ವಿಜ್ ಒಂದಕ್ಕೆ ‘ಜಗತ್ತಿನ ಅತಿ ಉದ್ದದ ನದಿ ಯಾವುದು?’ ಎಂದು ಬರೆದಿದ್ದೆ. ನನ್ನ ಹಾಳೆಯಲ್ಲಿದ್ದ ಉತ್ತರ ನೈಲ್. ಒಬ್ಬಳು ಹುಡುಗಿ ಅಮೆಜಾನ್ ಅಂದಳು. ತಪ್ಪು ಎಂದೆ. ನದಿ ಎಲ್ಲಿ ಶುರುವಾಗುತ್ತದೆ ಎಂದು ಲೆಕ್ಕ ಹಿಡಿಯುವುದರ ಮೇಲೆ ಅದು ಬದಲಾಗುತ್ತದೆ ಎಂದು ಅವಳು ಹೇಳಿದಳು. ಅವಳ ಮಾತು ಸರಿಯಾಗಿತ್ತು. ಹೆಚ್ಚಿನ ಪುಸ್ತಕಗಳು ನೈಲ್‌ಗೆ ಸುಮಾರು 6,650 ಕಿಲೋಮೀಟರ್ ಕೊಡುತ್ತವೆ, ಅಮೆಜಾನ್‌ಗೆ ಸುಮಾರು 6,400. ಆದರೆ ಅಮೆಜಾನ್ ಹುಟ್ಟುವ ಜಾಗದ ಬಗ್ಗೆ ಚರ್ಚೆ ಇನ್ನೂ ಮುಗಿದಿಲ್ಲ. ಆ ಹುಡುಗಿಯ ಮುಖ ಸಪ್ಪಗಾದದ್ದು ನನಗೆ ಈಗಲೂ ನೆನಪಿದೆ. ‘ಅತಿ ಹೆಚ್ಚು ನೀರು ಹೊತ್ತೊಯ್ಯುವ ನದಿ’ ಎಂದು ಕೇಳಿದ್ದರೆ ಅಮೆಜಾನ್ ಒಂದೇ ಉತ್ತರ. ಗಲಾಟೆಯೇ ಇರುತ್ತಿರಲಿಲ್ಲ.

‘ಅತಿ’ ಎಂಬ ಪದ ಕಂಡಲ್ಲೆಲ್ಲ ನಿಂತು ನೋಡಿ. ಎವರೆಸ್ಟ್ ಅತಿ ಎತ್ತರ, 8,848.86 ಮೀಟರ್. ಅದು ಸಮುದ್ರಮಟ್ಟದಿಂದ ಅಳೆದರೆ. ಬುಡದಿಂದ ತುದಿಗೆ ಅಳೆದರೆ ಹವಾಯಿಯ ಮೌನಾ ಕೀ ಹತ್ತು ಸಾವಿರ ಮೀಟರ್ ದಾಟುತ್ತದೆ, ಬುಡ ಮಾತ್ರ ಕಡಲಿನೊಳಗಿದೆ. ಭೂಮಿಯ ನಡುವಿನಿಂದ ಅಳೆದರೆ ಇಕ್ವೆಡಾರಿನ ಚಿಂಬೊರಾಜೊ ಶಿಖರದ ತುದಿ ಎಲ್ಲಕ್ಕಿಂತ ದೂರ. ಅತಿ ದೊಡ್ಡ ಮರುಭೂಮಿ ಸಹಾರಾ ಅಲ್ಲ, ಅಂಟಾರ್ಕ್ಟಿಕಾ. ‘ಬಿಸಿ ಮರುಭೂಮಿ’ ಎಂದು ಒಂದು ಪದ ಸೇರಿಸಿದರೆ ಸಹಾರಾ ಸರಿಯಾಗುತ್ತದೆ. ದಕ್ಷಿಣ ಆಫ್ರಿಕಾಕ್ಕಂತೂ ಮೂರು ರಾಜಧಾನಿ: ಪ್ರಿಟೋರಿಯಾ, ಕೇಪ್‌ಟೌನ್, ಬ್ಲೂಮ್‌ಫಾಂಟೀನ್.

‘ಮೊದಲು ಕಂಡುಹಿಡಿದವರು ಯಾರು’ ಎಂಬುದೂ ಅಪಾಯದ ಪ್ರಶ್ನೆ. ಟೆಲಿಫೋನಿಗೆ ಹಕ್ಕು ಹೇಳುವವರು ಹಲವರಿದ್ದಾರೆ. ‘1876ರಲ್ಲಿ ಅಮೆರಿಕದಲ್ಲಿ ಟೆಲಿಫೋನಿನ ಪೇಟೆಂಟ್ ಪಡೆದವರು ಯಾರು’ ಎಂದರೆ ಗ್ರಹಾಂ ಬೆಲ್.

ಉತ್ತರ ಹಳೆಯದಾಗುವುದೂ ಉಂಟು. 1930ರಲ್ಲಿ ಪತ್ತೆಯಾದ ಪ್ಲೂಟೊ 2006ರವರೆಗೆ ಗ್ರಹವಾಗಿತ್ತು, ಆಮೇಲೆ ಕುಬ್ಜ ಗ್ರಹ ಆಯಿತು. ಕಜಕಿಸ್ತಾನದ ರಾಜಧಾನಿ ಅಸ್ತಾನಾ 2019ರಲ್ಲಿ ನೂರ್‌ಸುಲ್ತಾನ್ ಆಗಿ 2022ರಲ್ಲಿ ಮತ್ತೆ ಅಸ್ತಾನಾ ಆಯಿತು. ಪ್ರಶ್ನೆಯ ಪಕ್ಕದಲ್ಲಿ ಅದನ್ನು ಪರೀಕ್ಷಿಸಿದ ತಾರೀಖು ಬರೆದಿಡಿ.

ಹೆಜ್ಜೆ 5: ಆಯ್ಕೆ ಕೊಡುವುದಾದರೆ

ತಪ್ಪು ಆಯ್ಕೆಗಳನ್ನು ಬರೆಯುವುದೇ ಕಷ್ಟದ ಕೆಲಸ. ಪ್ರತಿಯೊಂದೂ ಯಾರಾದರೂ ನಿಜವಾಗಿ ಮಾಡುವ ತಪ್ಪಾಗಿರಬೇಕು. ಆಸ್ಟ್ರೇಲಿಯಾದ ರಾಜಧಾನಿ ಕೇಳಿ ಕ್ಯಾನ್‌ಬೆರಾ ಜೊತೆ ಪ್ಯಾರಿಸ್, ಟೋಕಿಯೊ ಇಟ್ಟರೆ ಏನು ಬಂತು? ಸಿಡ್ನಿ ಇಡಿ, ಪರ್ತ್ ಇಡಿ, ಮೆಲ್ಬರ್ನ್ ಇಡಿ. 1901ರಿಂದ 1927ರವರೆಗೆ ಅಲ್ಲಿನ ಸಂಸತ್ತು ಮೆಲ್ಬರ್ನ್‌ನಲ್ಲೇ ಸೇರುತ್ತಿತ್ತು. ಹಾಗಾಗಿ ಅರ್ಧ ಗೊತ್ತಿದ್ದವರು ಅಲ್ಲಿ ತಡೆದು ಯೋಚಿಸುತ್ತಾರೆ. ಸರಿ ಉತ್ತರವೇ ಎಲ್ಲಕ್ಕಿಂತ ಉದ್ದವಾಗಿರದಂತೆ ನೋಡಿಕೊಳ್ಳಿ. ಚುರುಕು ಮಕ್ಕಳು ಅದನ್ನು ಹಿಡಿದುಬಿಡುತ್ತಾರೆ.

ನಾಲ್ಕು ಆಯ್ಕೆಯ 20 ಪ್ರಶ್ನೆಗಳಿಗೆ ಕಣ್ಣು ಮುಚ್ಚಿ ಗುರುತು ಹಾಕಿದರೂ ಸರಾಸರಿ ಐದು ಸರಿಯಾಗುತ್ತವೆ. ಅದಕ್ಕೇ ಕೆಲವೆಡೆ ತಪ್ಪಿಗೆ ಮೂರನೇ ಒಂದು ಅಂಕ ಕಳೆಯುತ್ತಾರೆ. ಮೂರು ತಪ್ಪು ಸೇರಿ ಒಂದು ಸರಿಯನ್ನು ಅಳಿಸುತ್ತವೆ, ಊಹೆಯ ಲಾಭ ಸೊನ್ನೆಗೆ ಬರುತ್ತದೆ. ಲೆಕ್ಕ ಸರಿ. ಆದರೂ ಮಕ್ಕಳ ಕ್ವಿಜ್‌ನಲ್ಲಿ ಇದು ಬೇಡ ಎಂಬುದು ನನ್ನ ಅಭಿಪ್ರಾಯ. ಅಂಕ ಹೋಗುತ್ತದೆ ಎಂಬ ಭಯಕ್ಕೆ ಅವರು ಊಹಿಸುವುದನ್ನೇ ಬಿಟ್ಟುಬಿಡುತ್ತಾರೆ.

ಹೆಜ್ಜೆ 6: ತಾಳೆ ನೋಡಿ, ಓದಿಸಿ

ಪ್ರತಿ ಉತ್ತರವನ್ನೂ ಎರಡು ಬೇರೆ ಬೇರೆ ಕಡೆ ತಾಳೆ ನೋಡಿ. ಒಂದರಿಂದ ಇನ್ನೊಂದು ನಕಲಾಗಿದ್ದರೆ ಅದು ಎರಡಲ್ಲ, ಒಂದೇ. ಚೀನಾದ ಮಹಾಗೋಡೆ ಚಂದ್ರನಿಂದ ಕಾಣುತ್ತದೆ ಎಂಬ ಸುಳ್ಳು ಹೀಗೇ ಒಂದರಿಂದ ಒಂದಕ್ಕೆ ಹರಡಿದ್ದು.

ಆಮೇಲೆ ಕ್ವಿಜ್‌ಗೆ ಬರದ ಇಬ್ಬರಿಗೆ ಪ್ರಶ್ನೆಗಳನ್ನು ಗಟ್ಟಿಯಾಗಿ ಓದಿ ಹೇಳಿ. ‘ಇನ್ನೊಂದ್ಸಲ ಹೇಳಿ’ ಎಂದರೆ ವಾಕ್ಯ ಉದ್ದವಾಗಿದೆ, ತುಂಡು ಮಾಡಿ. ನಿಮಗೆ ಹೊಳೆಯದ ಉತ್ತರವೊಂದನ್ನು ಅವರು ಹೇಳಿದರೆ ಖುಷಿಪಡಿ. ಆ ತೂತು ವೇದಿಕೆಯ ಮೇಲಲ್ಲ, ಮನೆಯಲ್ಲೇ ಸಿಕ್ಕಿತು.

ಹೆಜ್ಜೆ 7: ಆ ದಿನ

ಪ್ರಶ್ನೆಯನ್ನು ಎರಡು ಸಲ ಓದಿ. ಉತ್ತರ ಬಂದ ಮೇಲೆ ತಕ್ಷಣ ಮುಂದಕ್ಕೆ ಓಡಬೇಡಿ. ಅತಿ ಬಿಸಿಯಾದ ಗ್ರಹ ಬುಧ ಎಂದು ತಪ್ಪು ಹೇಳಿದವರಿಗೆ ಶುಕ್ರ ಎಂದಷ್ಟೇ ಹೇಳಿ ಬಿಡಬೇಡಿ. ಶುಕ್ರನ ಸುತ್ತ ಇಂಗಾಲದ ಡೈಆಕ್ಸೈಡ್‌ನ ದಪ್ಪ ಹೊದಿಕೆ ಇದೆ, ಶಾಖ ಹೊರಗೆ ಹೋಗುವುದಿಲ್ಲ, ಬುಧನಿಗೆ ಹೆಚ್ಚುಕಡಿಮೆ ಹೊದಿಕೆಯೇ ಇಲ್ಲ ಎಂದು ಎರಡು ಮಾತು ಹೇಳಿ. ತಪ್ಪು ಹೇಳಿದ ಮಗು ಅದನ್ನು ಮರೆಯುವುದಿಲ್ಲ.

ಆಕ್ಷೇಪ ಬಂದರೆ ಪೂರ್ತಿ ಕೇಳಿ. ಅವರು ಸರಿ ಇದ್ದರೆ ಅಲ್ಲೇ ಒಪ್ಪಿಕೊಂಡು ಅಂಕ ಕೊಡಿ. ಯಾವ ಪ್ರಶ್ನೆಗೆ ಎಷ್ಟು ತಂಡ ಉತ್ತರ ಹೇಳಿತು ಎಂದು ಅಂಚಿನಲ್ಲಿ ಗುರುತು ಹಾಕುತ್ತಾ ಹೋಗಿ. ಎಲ್ಲರೂ ಹೇಳಿದ್ದನ್ನು ಮುಂದಿನ ಸಲ ಶುರುವಿಗೆ ಇಡಿ. ಯಾರೂ ಹೇಳದಿದ್ದನ್ನು ಮತ್ತೆ ಮೂರನೇ ಹೆಜ್ಜೆಗೆ ಕಳಿಸಿ.

ಅಂಕ ಸಮವಾದರೆ ಕೇಳಲು ಜೇಬಿನಲ್ಲಿ ಒಂದು ಟೈಬ್ರೇಕರ್ ಇರಲಿ. ಉತ್ತರ ಸಂಖ್ಯೆಯಾಗಿದ್ದರೆ ಒಳ್ಳೆಯದು, ಹತ್ತಿರ ಬಂದವರಿಗೆ ಗೆಲುವು. ನಾನು ಹೆಚ್ಚಾಗಿ ಕೇಳುವುದು ಇದು: ಸೂರ್ಯನಿಂದ ಹೊರಟ ಬೆಳಕು ಭೂಮಿಗೆ ಬರಲು ಎಷ್ಟು ಸೆಕೆಂಡು ಬೇಕು? ಎಂಟು ನಿಮಿಷ ಎಂದು ಹಲವರಿಗೆ ಗೊತ್ತಿರುತ್ತದೆ, ಅವರು 480 ಎಂದು ಬರೆಯುತ್ತಾರೆ. ಎಂಟಕ್ಕೆ ಸ್ವಲ್ಪ ಜಾಸ್ತಿ ಎಂದು ನೆನಪಿದ್ದವರು 500ರ ಹತ್ತಿರ ಬರುತ್ತಾರೆ. ಸೂರ್ಯನಿಂದ ಭೂಮಿಗಿರುವ ಸರಾಸರಿ ದೂರಕ್ಕೆ ಸರಿ ಉತ್ತರ ಸುಮಾರು 499.