ಮಾತ್ರೆ ಒತ್ತುವಾಗ ದ್ರವ ಒಸರುತ್ತಿತ್ತು: ಸರಿಹೋದದ್ದು ಹೀಗೆ

ಔಷಧವನ್ನು ಪಿಇಜಿ 400ರಲ್ಲಿ (ಪಾಲಿಎಥಿಲೀನ್ ಗ್ಲೈಕಾಲ್ ಎಂಬ, ಆವಿಯಾಗದ ದ್ರವ) ಕರಗಿಸಿ, ಅವಿಸೆಲ್ ಪಿಎಚ್ 102 (ಸೆಲ್ಯುಲೋಸ್) ಪುಡಿಗೆ ಹೀರಿಸಿ ಮಾತ್ರೆ ಮಾಡುತ್ತಿದ್ದೆ. ಪುಡಿ ಒಣಗಿದಂತೆಯೇ ಕಾಣುತ್ತಿತ್ತು. ಯಂತ್ರದ ಪಂಚ್ (ಪುಡಿ ಒತ್ತುವ ದಂಡ) ಬಿದ್ದ ಕೂಡಲೇ ಮಾತ್ರೆಯ ಅಂಚಿನಲ್ಲಿ ಜಿಡ್ಡು ಒಸರಿ, ಪುಡಿ ಡೈಗೆ (ಮಾತ್ರೆಯ ಅಚ್ಚಿಗೆ) ಅಂಟಿಕೊಳ್ಳುತ್ತಿತ್ತು.

ಒತ್ತಡ ಇಳಿಸಿದರೆ ಮಾತ್ರೆ ಪುಡಿಪುಡಿ. ಅಂಟದಂತೆ ಜಾರಿಸುವ ಮೆಗ್ನೀಸಿಯಂ ಸ್ಟಿಯರೇಟ್ ಜಾಸ್ತಿ ಹಾಕಿದರೆ ಅಂಟುವುದು ನಿಂತಿತು, ಆದರೆ ಔಷಧ ಕರಗುವುದು ನಿಧಾನವಾಯಿತು. ಸುಮ್ನೆ ಪಿಷ್ಟ ಸೇರಿಸಿದ್ದೂ ದಂಡ.

ಕೆಲಸ ಮಾಡಿದ್ದು ಲಿಕ್ವಿಸಾಲಿಡ್ (ದ್ರವ ಔಷಧವನ್ನು ಒಣ ಪುಡಿಯಾಗಿಸುವ ವಿಧಾನ) ಲೆಕ್ಕ. ಇದರಲ್ಲಿ ಅವಿಸೆಲ್ ದ್ರವ ಹೀರುತ್ತದೆ, ಏರೋಸಿಲ್ 200 (ತೀರಾ ನುಣ್ಣನೆಯ ಸಿಲಿಕಾ ಪುಡಿ) ಆ ಒದ್ದೆ ಕಣಗಳ ಮೇಲೆ ಒಣ ಹೊದಿಕೆಯಾಗುತ್ತದೆ. ಎರಡರ ಅನುಪಾತ 20:1 ಇಟ್ಟರೆ ಪಿಇಜಿ 400ಕ್ಕೆ ಲೋಡ್ ಫ್ಯಾಕ್ಟರ್ (ದ್ರವದ ತೂಕ ಭಾಗಿಸು ಅವಿಸೆಲ್ ತೂಕ) 0.168. ಅಂದರೆ 50 ಮಿ.ಗ್ರಾಂ ದ್ರವಕ್ಕೆ (ಔಷಧವೂ ಸೇರಿ) ಸುಮಾರು 298 ಮಿ.ಗ್ರಾಂ ಅವಿಸೆಲ್, 15 ಮಿ.ಗ್ರಾಂ ಏರೋಸಿಲ್. ದ್ರವ ಬದಲಾದರೆ ಈ ಅಂಕಿಯೂ ಬದಲಾಗುತ್ತದೆ, ಹಾಗೇ ನಕಲು ಮಾಡಬೇಡಿ.

ಕ್ರಮ ಮುಖ್ಯ. ಮೊದಲು ಖಲ್ಲಿನಲ್ಲಿ ಅವಿಸೆಲ್‌ಗೆ ದ್ರವವನ್ನು ಸ್ವಲ್ಪಸ್ವಲ್ಪವೇ ಬೆರೆಸಿ. ತೆಳ್ಳಗೆ ಹರಡಿ 5 ನಿಮಿಷ ಬಿಡಿ, ದ್ರವ ಒಳಗೆ ಇಳಿಯಬೇಕು. ಆಮೇಲೆ ಏರೋಸಿಲ್ (ಹಾರುತ್ತದೆ, ಮಾಸ್ಕ್ ಹಾಕಿಕೊಳ್ಳಿ). ಕೊನೆಗೆ ಶೇ. 5 ಸೋಡಿಯಂ ಸ್ಟಾರ್ಚ್ ಗ್ಲೈಕೊಲೇಟ್ (ಮಾತ್ರೆ ನೀರಿನಲ್ಲಿ ಬೇಗ ಒಡೆಯಲು).

ಒತ್ತುವ ಮೊದಲು ಚಿಟಿಕೆ ಪುಡಿಯನ್ನು ಟಿಶ್ಯೂ ಕಾಗದದ ನಡುವೆ ಬಲವಾಗಿ ಅದುಮಿ ನೋಡಿ. ಕಲೆ ಬಿದ್ದರೆ ಅವಿಸೆಲ್, ಏರೋಸಿಲ್ ಎರಡನ್ನೂ ಅದೇ ಅನುಪಾತದಲ್ಲಿ ಹೆಚ್ಚಿಸಿ.